ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಸ್ಕ್ರೀನ್ ನೋಡಿ (ಭಾಗ 3)

ಡಿಸೈನ್ ಬಿಸಿನೆಸ್ ಶುರು ಮಾಡ್ತೀನಿ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ: "ಯಾವ ಪ್ರೊಸೆಸರ್?" ನಾನು ಹೇಳೋದು, ಮೊದಲು ಸ್ಕ್ರೀನ್ ನೋಡಿ.

ಹೋದ ವರ್ಷ ನಾನೂ ಅಕ್ಕನೂ ಒಂದು ಮದುವೆ ಕಾರ್ಡ್ ಡಿಸೈನ್ ಮಾಡಿದ್ವಿ. ಅರಿಶಿನ ಬಣ್ಣ ನನ್ನ ಸ್ಕ್ರೀನಲ್ಲಿ ಮಂಕಾಗಿ ಕಾಣ್ತು. ಏರಿಸ್ತಾ ಹೋದೆ. ಪ್ರಿಂಟ್ ಆಗಿ ಬಂದಿದ್ದು ಕಣ್ಣಿಗೆ ಹೊಡೆಯೋ ಕಿತ್ತಳೆ! 200 ಕಾರ್ಡೂ ಮತ್ತೆ ಪ್ರಿಂಟ್, ನಮ್ಮ ದುಡ್ಡಲ್ಲೇ. ಲಾಭ ಹೋಗ್ಲಿ, ಅಸಲೂ ಬರ್ಲಿಲ್ಲ.

ಕಾರಣ ಸ್ಪೆಕ್ ಶೀಟಲ್ಲೇ ಇತ್ತು: 45% ಎನ್‌ಟಿಎಸ್‌ಸಿ. ಅಂಥ ಸ್ಕ್ರೀನಲ್ಲಿ ಎಷ್ಟೋ ಬಣ್ಣ ಪೂರ್ತಿ ಕಾಣೋದೇ ಇಲ್ಲ. ನೀವು ಹುಡುಕಬೇಕಾದ್ದು 100% ಎಸ್‌ಆರ್‌ಜಿಬಿ. ಆಮೇಲೆ 16 ಜಿಬಿ ರ‍್ಯಾಮ್. ಎಷ್ಟೋ ತೆಳ್ಳಗಿನ ಲ್ಯಾಪ್‌ಟಾಪಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಮುಂದೆ ಹೆಚ್ಚಿಸೋಕಾಗಲ್ಲ. ಸ್ಕ್ರೀನ್ ಎಷ್ಟೇ ಚೆನ್ನಾಗಿದ್ರೂ ಪ್ರಿಂಟ್ ಆಗೋದು ಸಿಎಂವೈಕೆ ಇಂಕಲ್ಲಿ. ಒಂದು ಸ್ಯಾಂಪಲ್ ತೆಗೆಸದೆ ಪೂರ್ತಿ ಆರ್ಡರ್ ಕೊಡಬೇಡಿ.

ಈಗ ನಮ್ಮ ಬಿಕಾಂ ಲೆಕ್ಕ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಡಿಪ್ರಿಸಿಯೇಷನ್ 40%. ಪೂರ್ತಿ ವರ್ಷ ಬಳಸಿದ್ರೆ, 80,000ದ ಲ್ಯಾಪ್‌ಟಾಪ್ ಪುಸ್ತಕದಲ್ಲಿ 48,000ಕ್ಕೆ ಇಳಿಯುತ್ತೆ. ಇಎಂಐ ಮಾತ್ರ ಇಳಿಯಲ್ಲ! ತಿಂಗಳಿಗೆ ಎರಡು ಆರ್ಡರ್ ಬರೋವಾಗ ಆ ಭಾರ ಯಾಕೆ? ಇರೋ ಲ್ಯಾಪ್‌ಟಾಪಿಗೆ ಒಳ್ಳೆ ಮಾನಿಟರ್ ಜೋಡಿಸಿ. ಇಂಕ್‌ಸ್ಕೇಪ್, ಕ್ರಿತಾ ಎರಡೂ ಫ್ರೀ. ಹೊಸ ಲ್ಯಾಪ್‌ಟಾಪಿನ ದುಡ್ಡು ಅಪ್ಪನ ಜೇಬಿಂದಲ್ಲ, ಆರ್ಡರಿಂದ ಬರ್ಲಿ.

ನಿಮ್ಮ ಸ್ಕ್ರೀನ್ ಎಷ್ಟು ಪರ್ಸೆಂಟು? ಚೆಕ್ ಮಾಡಿ, ಕಾಮೆಂಟಲ್ಲಿ ಹಾಕಿ.