ಮೋಡ ಚೆಂದ ಇದ್ರೆ ಸಾಕಾ? (ಭಾಗ 3)

"ಫ್ಲೈಟ್ ಸಿಮ್ಯುಲೇಟರ್ ಸಖತ್ ಸ್ಲೋ ಗುರು, ಕಾರ್ ರೇಸೇ ವಾಸಿ" ಅಂತ ನಕ್ಕ ಕ್ಲಾಸ್‌ಮೇಟ್‌ಗಳೇ, ಇದು ನಿಮಗೇ.

ಹಂಗಳದ ಮೇಲೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೀರಲ್ಲ? ತಪ್ಪಲಲ್ಲಿ ಗಾಡಿ ನಿಲ್ಲಿಸಿ ಸರ್ಕಾರಿ ಬಸ್ ಹತ್ತಬೇಕು. ತಿರುವಲ್ಲಿ ಬಸ್ಸು ಏದುಸಿರು ಬಿಡ್ತಾ ತೆವಳುತ್ತೆ. ಆದ್ರೆ ಮಂಜು ಕಿಟಕಿ ಸವರಿಕೊಂಡು ಹಿಂದಕ್ಕೆ ಓಡಿದಾಗ ಹಾರ್ತಾ ಇದ್ದೀವಿ ಅನ್ಸುತ್ತೆ. ಕಣ್ಣು ಮೀಟರ್ ನೋಡಿ ವೇಗ ಅಳೆಯಲ್ಲ, ಪಕ್ಕದಲ್ಲಿ ಹಾದುಹೋಗೋದನ್ನ ನೋಡಿ ಅಳೆಯುತ್ತೆ. 35,000 ಅಡಿ ಮೇಲೆ ಗಂಟೆಗೆ 800 ಕಿ.ಮೀ. ಹೋದ್ರೂ ನೆಲ ನಿಂತಂಗೇ ಕಾಣುತ್ತೆ. ನಿಜವಾದ ವಿಮಾನದಲ್ಲೂ ಅಷ್ಟೇ ಕಣ್ರೋ!

ಹಳೇ ಸಿಮ್‌ಗಳಲ್ಲಿ ಮೋಡ ಅಂದ್ರೆ ಚಪ್ಪಟೆ ಚಿತ್ರ, ನಾವು ತಿರುಗಿದ ಕಡೆಗೇ ಮುಖ ತಿರುಗಿಸೋದು. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಮೋಡಕ್ಕೆ ಗಾತ್ರ ಇದೆ, ಒಳಗೆ ನುಗ್ಗಬಹುದು. ಒಪ್ಪಿದೆ. ಆದ್ರೆ ಬರೀ ಸ್ಕ್ರೀನ್‌ಶಾಟ್ ನೋಡಿ "ಥೇಟ್ ನಿಜ" ಅನ್ನೋರ ಜೊತೆ ನನ್ನ ಜಗಳ. ನಿಂತ ಚಿತ್ರದಲ್ಲಿ ವೇಗ ಎಲ್ಲಿಂದ ಬರಬೇಕು? ನಮ್ಮ ಬೆಟ್ಟದ ಮೋಡದ ಅಂಚು ಹರಿದ ಬಟ್ಟೆ ಥರ. ಆ ಚೂರುಗಳು ಸರ್ರಂತ ಹೋದಾಗಲೇ ಓಟ ಗೊತ್ತಾಗೋದು. ಅಂಚು ನುಣ್ಣಗಿದ್ರೆ ಕಣ್ಣಿಗೆ ಹಿಡಿತವೇ ಸಿಗಲ್ಲ.

ಪೈಲಟ್ ಆಗ್ತೀನಿ ಅನ್ನೋರಿಗೆ ಇನ್ನೊಂದು ಮಾತು. ಮೋಡದೊಳಗೆ ದಿಗಂತ ಕಾಣಲ್ಲ, ಕಿವಿಯೊಳಗಿನ ಸಮತೋಲನವೂ ಸುಳ್ಳು ಹೇಳುತ್ತೆ. ವಿಮಾನ ವಾಲಿದ್ರೂ ನೆಟ್ಟಗಿದೆ ಅನ್ಸುತ್ತೆ. ಉಪಕರಣ ನಂಬೋದನ್ನ ಅಲ್ಲೇ ಕಲೀಬೇಕು. ಮೋಡವನ್ನ ವಾಲ್‌ಪೇಪರ್ ಮಾಡ್ಕೊಂಡು ಸುತ್ತು ಹಾಕಿದ್ರೆ ಏನು ಕಲಿತಂಗಾಯ್ತು?

ನಾಳೆಯಿಂದ ನನಗೆ ಫೋಟೋ ಕಳಿಸಬೇಡಿ. ಮೋಡಕ್ಕೆ ನುಗ್ಗೋ ವಿಡಿಯೋ ಕಳಿಸಿ, ಮೀಟರ್‌ಗಳೂ ಕಾಣೋ ಹಂಗೆ.