ಅಪಾರ್ಥಕ್ಕೆ ಬೀಗವೇ ಮದ್ದೇ?

ಆದಿತ್ಯ-ಎಲ್1 ನೌಕೆಯ ಕಾಂತಮಾಪಕವು ಅಳೆದ ಅಂಕಿಗಳನ್ನು ಪಂಡಿತೇತರರಿಗೆ ತೆರೆದಿಟ್ಟರೆ ಅಪಾರ್ಥಕ್ಕೆ ಎಡೆಯಾಗುವುದೆಂದು ಕಳೆದ ಸಂಚಿಕೆಯ ಲೇಖಕ ಮಹಾಶಯರು ಅಪ್ಪಣೆ ಕೊಡಿಸಿದ್ದಾರೆ. 2024ರ ಜನವರಿ 11ರಂದು ಚಾಚಿದ ಆರು ಮೀಟರಿನ ತೋಳಿನ ನಡುವೆ ಒಂದು, ತುದಿಯಲ್ಲಿ ಒಂದು ಸಂವೇದಕವನ್ನಿರಿಸಿದ್ದು, ನೌಕೆಯದೇ ಕಾಂತಕ್ಷೇತ್ರವನ್ನು ಗುರುತಿಸಿ, ಅಂತರಗ್ರಹ ಕ್ಷೇತ್ರದ ಕೆಲವೇ ನ್ಯಾನೊಟೆಸ್ಲಾಗಳನ್ನು ಅದರಿಂದ ಬೇರ್ಪಡಿಸಲೆಂದೇ ಆಗಿರಲು, ಆ ಬೇರ್ಪಡಿಕೆಯನ್ನು ಪರಾಮರ್ಶಿಸಲು ಹೊರಗಿನ ಕಣ್ಣುಗಳು ಬೇಡವೆನ್ನುವುದು ಯಾವ ನ್ಯಾಯ? ಅಕ್ಷವ್ಯವಸ್ಥೆ, ಕಾಲಮಾನ, ತಿದ್ದುಪಡಿಯ ಕ್ರಮ ಇವನ್ನು ಅಂಕಿಗಳೊಡನೆಯೇ ಬರೆದಿಟ್ಟರೆ ಅಪಾರ್ಥಕ್ಕೆ ಆಸ್ಪದವೆಲ್ಲಿ? ಬರೆದಿಡದಿದ್ದರೆ, ಇಪ್ಪತ್ತು ವರ್ಷಗಳ ಬಳಿಕ ಪಂಡಿತರಿಗೂ ಅವು ಬರಿಯ ಅಂಕಿಗಳೇ. (ಮಹಾಶಯರು ಈ ಮಾತನ್ನು ಎತ್ತಲೇ ಇಲ್ಲ.) ಬ್ಯಾಲಾಳಿನ ದತ್ತಾಂಶ ಕೇಂದ್ರವು ‘ಪ್ರದಾನ್’ ಜಾಲತಾಣದ ಮೂಲಕ 2025ರ ಜನವರಿಯಲ್ಲಿಯೇ ಆದಿತ್ಯದ ದತ್ತಾಂಶವನ್ನು ಸಾರ್ವಜನಿಕರಿಗೆ ತೆರೆದಿರುವಾಗ, ನಮ್ಮ ಮುದನಾಳದ ಕಾಲೇಜು ಹುಡುಗಿ ಇನ್ನಾರ ಅನುಮತಿ ಚೀಟಿಗೆ ಕಾಯಬೇಕು?