ಎಲ್ಲ ತೈಲವೂ ಒಂದೇ ಅಲ್ಲ

ಎಳ್ಳಿಗೆ ಸಂಸ್ಕೃತದಲ್ಲಿ ತಿಲವೆಂದು ಹೆಸರು. ತಿಲದಿಂದ ಬಂದುದು ತೈಲ. ಕ್ಷೀರಬಲಾ, ಮಹಾನಾರಾಯಣ ಮೊದಲಾದ ತೈಲಗಳು ಎಳ್ಳೆಣ್ಣೆಯಲ್ಲಿ ಮೂಲಿಕೆಗಳ ಕಷಾಯ, ಕಲ್ಕಗಳನ್ನು ಹಾಕಿ ಕಾಯಿಸಿದವು. ಅವನ್ನು ಅಂಗೈತುಂಬ ಸುರಿದುಕೊಂಡು ಅಭ್ಯಂಗ ಮಾಡಬಹುದು. ನೀಲಗಿರಿ ತೈಲವೆಂದು ನಾವು ಕರೆಯುವ ವಸ್ತು ಇವುಗಳಿಗಿಂತ ತೀರ ಭಿನ್ನ. ಅದು ಎಲೆಗಳಿಗೆ ಹಬೆ ಹಾಯಿಸಿ ಭಟ್ಟಿಯಿಳಿಸಿದ ಸಾರ. ಕಾಗದದ ಮೇಲೆ ಒಂದು ಹನಿ ಬಿಟ್ಟರೆ ಜಿಡ್ಡು ಉಳಿಯದೆ ಆರಿಹೋಗುತ್ತದೆ. ಗುಣವೂ ಅಷ್ಟೇ ತೀಕ್ಷ್ಣ.

ಹೆಸರು ಒಂದೇ ಆದುದರಿಂದ ಬಳಕೆಯೂ ಒಂದೇ ಎಂದು ಜನರು ಭಾವಿಸುತ್ತಾರೆ. ನೆಗಡಿಯಾದ ಹಸುಳೆಯ ಮೂಗಿಗೆ ನೀಲಗಿರಿ ಸವರುವ ತಾಯಂದಿರನ್ನೂ, ಕಫ ಕರಗಲೆಂದು ಅದನ್ನೇ ಕುಡಿಸುವ ಅಜ್ಜಿಯರನ್ನೂ ನಾನು ಕಂಡಿದ್ದೇನೆ. ಮೊದಲನೆಯದರಿಂದ ಕೂಸಿನ ಉಸಿರಾಟಕ್ಕೆ ತೊಂದರೆಯಾಗಬಹುದು. ಎರಡನೆಯದು ಇನ್ನೂ ಘೋರ: ಒಂದು ಚಮಚ ಹೊಟ್ಟೆ ಸೇರಿದರೂ ಮಗುವಿಗೆ ಮಂಪರು, ಫಿಟ್ಸ್ ಬಂದೀತು. ಕರ್ಪೂರವೂ ಹಾಗೆಯೇ. "ಗಿಡಮೂಲಿಕೆಯದಲ್ಲವೇ, ಏನಾದೀತು?" ಎಂಬುದು ಆಯುರ್ವೇದದ ಮಾತಲ್ಲ. ಯುಕ್ತಿ ತಪ್ಪಿದರೆ ಔಷಧವೂ ವಿಷವಾಗುವುದೆಂದು ಚರಕಾಚಾರ್ಯರೇ ಎಚ್ಚರಿಸಿದ್ದಾರೆ.

ಸುಗಂಧ ಸಾರಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲನ್ನು ದಂತವೈದ್ಯರೂ ಬಳಸುತ್ತಾರೆ. ಮೈಕೈ ನೋಯುವ ದೊಡ್ಡವರು 100 ಮಿ.ಲೀ. ಎಳ್ಳೆಣ್ಣೆಗೆ 2 ಮಿ.ಲೀ. ನೀಲಗಿರಿ ಬೆರೆಸಿ ತಿಕ್ಕಿಕೊಳ್ಳಲಿ. (ಪಾಯಸಕ್ಕೆ ಮಾತ್ರ ಏಲಕ್ಕಿ ಎಣ್ಣೆಗಿಂತ ಕುಟ್ಟಿದ ಏಲಕ್ಕಿಯೇ ಲೇಸು!) ಆದರೆ ಅಂಗಡಿಗಳಲ್ಲಿ ಎರಡು ಬಗೆಯೂ ಒಂದೇ ಕಪಾಟಿನಲ್ಲಿ ಕುಳಿತಿರುತ್ತವೆ. ಭಟ್ಟಿಯಿಳಿಸಿದುದರ ಸೀಸೆಯ ಮೇಲೆ 'ತೈಲ'ಕ್ಕೆ ಬದಲು 'ಸಾರ' ಎಂದೇ ಅಚ್ಚಾಗಬೇಕು, ಮುಚ್ಚಳ ಮಕ್ಕಳಿಗೆ ತೆರೆಯಲಾಗದಂತಿರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಲ್ಲಿಯವರೆಗೆ ಅದು ಎತ್ತರದ ಗೂಡಿನಲ್ಲಿರಲಿ. ಮಗು ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಸೀಸೆಯನ್ನೂ ಜೊತೆಗೊಯ್ದು ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.